ಹನ್ನೆರಡು ಆಸನಗಳ ಹಾಯಿಹಡಗು: ತಿಮಿಂಗಿಲ ವೀಕ್ಷಣೆಯ ವ್ಯವಹಾರದಿಂದ ಒಂದು ಪಾಠ

ಮಾರಾಟ ಹೆಚ್ಚಿದಷ್ಟೂ ಲಾಭ ಹೆಚ್ಚು ಎಂಬುದು ವ್ಯಾಪಾರಸ್ಥರಾದ ನಾವೆಲ್ಲರೂ ಒಪ್ಪಿಕೊಂಡು ಬಂದಿರುವ ಸೂತ್ರ. ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿಯೇ ಇದನ್ನು ಕಲಿಸುತ್ತಾರೆ. ಆದರೆ ಮಾರಾಟದ ಪ್ರಮಾಣಕ್ಕೆ ತಾವೇ ಮಿತಿ ಹಾಕಿಕೊಂಡು ನಡೆಸಬೇಕಾದ ವ್ಯವಹಾರಗಳೂ ಲೋಕದಲ್ಲಿವೆ. ಅಂತಹ ವ್ಯವಹಾರಗಳಲ್ಲಿ ಮಿತಿ ಮೀರಿದ ಮಾರಾಟವು ಮೂಲ ಬಂಡವಾಳವನ್ನೇ ತಿನ್ನತೊಡಗುತ್ತದೆ. ಇದಕ್ಕೆ ತಕ್ಕ ಉದಾಹರಣೆಯೆಂದರೆ ಸಣ್ಣ ತಂಡಗಳನ್ನು ಹಾಯಿಹಡಗಿನಲ್ಲಿ ಕರೆದೊಯ್ದು ತಿಮಿಂಗಿಲ ಹಾಗೂ ಡಾಲ್ಫಿನ್‌ಗಳನ್ನು ತೋರಿಸುವ ಪ್ರವಾಸೋದ್ಯಮ. ವಾಣಿಜ್ಯ ಸಂಸ್ಥೆಯ ಮಾಸಪತ್ರಿಕೆಯಲ್ಲಿ ತಿಮಿಂಗಿಲಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ಈ ಉದ್ಯಮದಲ್ಲಿ ಸ್ಥಿರ ವೆಚ್ಚ, ಋತುಮಾನ, ಮುಂಗಡ ಹಣ, ನಿಯಮಗಳ ಮಿತಿ ಮತ್ತು ಪೈಪೋಟಿ ಇವೆಲ್ಲವೂ ಒಂದೇ ದೋಣಿಯಲ್ಲಿ ಕುಳಿತಿರುವುದರಿಂದ ಸಣ್ಣ ಉದ್ದಿಮೆದಾರರಿಗೆ ಇದು ಉತ್ತಮ ಅಧ್ಯಯನ ವಿಷಯವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಉದ್ಯಮದ ಹಿನ್ನೆಲೆ

ಹಣ ಪಡೆದು ತಿಮಿಂಗಿಲ ತೋರಿಸುವ ವ್ಯವಹಾರವು 1955ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಆರಂಭವಾಯಿತು. ಅಂದು ತಲೆಗೆ ಒಂದು ಡಾಲರ್ ಶುಲ್ಕ. 2009ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ವರದಿಯ ಪ್ರಕಾರ, 2008ರಲ್ಲಿ 119 ದೇಶ ಹಾಗೂ ಪ್ರದೇಶಗಳಲ್ಲಿ ಸುಮಾರು 1.3 ಕೋಟಿ ಜನರು ಇಂತಹ ಯಾನ ಕೈಗೊಂಡಿದ್ದರು; ಒಟ್ಟು ವಹಿವಾಟು ಸುಮಾರು 210 ಕೋಟಿ ಡಾಲರ್. ಅರ್ಧ ಶತಮಾನದಲ್ಲಿ ಒಂದು ಡಾಲರ್‌ನಿಂದ ಈ ಮಟ್ಟಕ್ಕೆ ಬೆಳೆದ ಉದ್ಯಮದ ಬಹುಪಾಲು ಘಟಕಗಳು ಇಂದಿಗೂ ಒಂದೆರಡು ದೋಣಿಗಳನ್ನುಳ್ಳ ಸಣ್ಣ ಸಂಸ್ಥೆಗಳೇ ಆಗಿವೆ.

ಇವುಗಳಲ್ಲಿ ನಮ್ಮ ಅಧ್ಯಯನಕ್ಕೆ ಆರಿಸಿಕೊಂಡಿರುವ ಊರು ಐಸ್‌ಲೆಂಡ್ ದೇಶದ ಈಶಾನ್ಯ ತೀರದಲ್ಲಿರುವ ಹುಸಾವಿಕ್. ಉತ್ತರ ಧ್ರುವವೃತ್ತಕ್ಕೆ ಸಮೀಪದಲ್ಲಿರುವ ಈ ಬಂದರಿನ ಜನಸಂಖ್ಯೆ ನಮ್ಮ ಒಂದು ಸಾಧಾರಣ ಹಳ್ಳಿಯಷ್ಟು, ಎಂದರೆ ಎರಡು ಸಾವಿರಕ್ಕೆ ತುಸು ಮೇಲೆ. ಊರಿನ ಮುಂದೆ ಹರಡಿರುವುದು ಸ್ಕ್ಯಾಲ್ಫಾಂಡಿ ಕೊಲ್ಲಿ. ಹಿಮನದಿಯಿಂದ ಹುಟ್ಟಿದ ನದಿಯೊಂದು ಈ ಕೊಲ್ಲಿಯನ್ನು ಸೇರುತ್ತದೆ. ನದಿ ಹಾಗೂ ಸಾಗರ ಪ್ರವಾಹಗಳು ತರುವ ಪೋಷಕಾಂಶಗಳಿಂದ ಬೇಸಿಗೆಯ ದೀರ್ಘ ಹಗಲಿನಲ್ಲಿ ಸೂಕ್ಷ್ಮಜೀವಿಗಳು ಹೇರಳವಾಗಿ ಬೆಳೆಯುತ್ತವೆ. ಅವುಗಳನ್ನು ತಿನ್ನಲು ಸಣ್ಣ ಮೀನುಗಳು, ಸಣ್ಣ ಮೀನುಗಳನ್ನು ತಿನ್ನಲು ತಿಮಿಂಗಿಲಗಳು ಬರುತ್ತವೆ. ಹಂಪ್‌ಬ್ಯಾಕ್ ಎಂಬ ಗೂನುಬೆನ್ನಿನ ತಿಮಿಂಗಿಲ, ಮಿಂಕಿ ತಿಮಿಂಗಿಲ, ಬಿಳಿಮೂತಿಯ ಡಾಲ್ಫಿನ್ ಮತ್ತು ಪಾರ್ಪಾಯಿಸ್ ಇಲ್ಲಿ ಸಾಮಾನ್ಯ. ಬೇಸಿಗೆಯ ಆರಂಭದಲ್ಲಿ ಕೆಲವೊಮ್ಮೆ ಭೂಮಿಯ ಅತಿದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲವೂ ಕಾಣಸಿಗುತ್ತದೆ.

ಮೀನುಗಾರಿಕೆಯಿಂದಲೇ ಬದುಕುತ್ತಿದ್ದ ಊರು ಇದು. ಐಸ್‌ಲೆಂಡ್ 1984ರಲ್ಲಿ ಮೀನು ಹಿಡಿಯುವ ಪ್ರಮಾಣಕ್ಕೆ ಕೋಟಾ ಪದ್ಧತಿಯನ್ನು ಜಾರಿಗೆ ತಂದಿತು. 1990ರ ಕಾಯ್ದೆಯಿಂದ ಈ ಕೋಟಾಗಳು ಕೊಳ್ಳಬಹುದಾದ, ಮಾರಬಹುದಾದ ಹಕ್ಕುಗಳಾದವು. ಬರಬರುತ್ತ ಹಕ್ಕುಗಳು ದೊಡ್ಡ ಸಂಸ್ಥೆಗಳ ಕೈಸೇರಿದವು. ಸಣ್ಣ ಬಂದರುಗಳ ಹಳೆಯ ಓಕ್ ಮರದ ದೋಣಿಗಳಿಗೆ ಕೆಲಸವಿಲ್ಲದಂತಾಯಿತು. ನಮ್ಮಲ್ಲಿ ಪವರ್‌ಲೂಮ್ ಬಂದಾಗ ಕೈಮಗ್ಗಗಳಿಗೆ ಒದಗಿದ ಸ್ಥಿತಿಯನ್ನು ನೆನೆದರೆ ಇದು ಅರ್ಥವಾದೀತು.

ಇಂತಹ ಸಂದರ್ಭದಲ್ಲಿ, 1995ರಲ್ಲಿ, ಆ ಊರಿನ ಇಬ್ಬರು ಸಹೋದರರು ಹಳೆಯ ಮೀನುಗಾರಿಕೆಯ ದೋಣಿಯೊಂದನ್ನು ದುರಸ್ತಿಗೊಳಿಸಿ ಪ್ರವಾಸಿಗರಿಗೆ ತಿಮಿಂಗಿಲ ತೋರಿಸತೊಡಗಿದರು. ಅದೇ ನಾರ್ತ್ ಸೇಲಿಂಗ್ ಸಂಸ್ಥೆ. ಮುಂದೆ ಕೆಲವು ದೋಣಿಗಳಿಗೆ ಎರಡು ಪಟಸ್ತಂಭಗಳನ್ನು ನಿಲ್ಲಿಸಿ ಸ್ಕೂನರ್ ಮಾದರಿಯ ಹಾಯಿಹಡಗುಗಳನ್ನಾಗಿ ಪರಿವರ್ತಿಸಲಾಯಿತು. 1997ರಲ್ಲಿ ಊರಿನಲ್ಲಿ ತಿಮಿಂಗಿಲಗಳ ವಸ್ತುಸಂಗ್ರಹಾಲಯ ಆರಂಭವಾಗಿ, ಕೆಲ ವರ್ಷಗಳ ನಂತರ ಹಿಂದೆ ಕಸಾಯಿಖಾನೆಯಾಗಿದ್ದ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಲೆಕ್ಕಪರಿಶೋಧಕನ ಕಣ್ಣಿಗೆ ಇಲ್ಲಿ ಕಾಣುವ ಸಂಗತಿಯೊಂದಿದೆ. ಪುಸ್ತಕದಲ್ಲಿ ಮೌಲ್ಯ ಕಳೆದುಕೊಂಡಿದ್ದ ಆಸ್ತಿಗಳೇ, ಎಂದರೆ ಹಳೆಯ ದೋಣಿ, ಹಳೆಯ ಕಟ್ಟಡ, ಕಡಲನ್ನು ಬಲ್ಲ ಮೀನುಗಾರರು, ಹೊಸ ಬಳಕೆಯಲ್ಲಿ ಮತ್ತೆ ಆದಾಯ ತರುವ ಆಸ್ತಿಗಳಾದವು.

ಯಾನದ ಸ್ವರೂಪ

ಮಾರ್ಚ್‌ನಿಂದ ನವೆಂಬರ್‌ವರೆಗೆ ಯಾನಗಳು ನಡೆಯುತ್ತವೆಯಾದರೂ ಮೇ ತಿಂಗಳಿಂದ ಆಗಸ್ಟ್‌ವರೆಗಿನ ಅವಧಿಯೇ ಮುಖ್ಯ ಋತು. ಸಾಮಾನ್ಯ ಯಾನವು ಸುಮಾರು ಮೂರು ಗಂಟೆಗಳದ್ದು. ಪ್ರಯಾಣಿಕರಿಗೆ ಹಡಗಿನವರೇ ಮೈಮುಚ್ಚುವ ದಪ್ಪನೆಯ ಬೆಚ್ಚಗಿನ ಉಡುಪನ್ನು ಕೊಡುತ್ತಾರೆ. ಬೇಸಿಗೆಯಲ್ಲಿಯೂ ಕೊಲ್ಲಿಯ ಗಾಳಿ ಮೂಳೆ ಕೊರೆಯುವಂತಹುದು. ಮಾರ್ಗದರ್ಶಕನು ಹಡಗಿನ ಮುಂಭಾಗವನ್ನು ಗಡಿಯಾರದ ಹನ್ನೆರಡು ಗಂಟೆಯೆಂದು ಭಾವಿಸಲು ಹೇಳುತ್ತಾನೆ. ‘ಮೂರು ಗಂಟೆಯ ದಿಕ್ಕು’ ಎಂದು ಕೂಗಿದರೆ ಎಲ್ಲರೂ ಬಲಕ್ಕೆ ತಿರುಗುತ್ತಾರೆ. ಮೊದಲು ಕಾಣುವುದು ಉಸಿರಿನ ಕಾರಂಜಿ, ನಂತರ ಬೆನ್ನು; ಆಳಕ್ಕೆ ಇಳಿಯುವಾಗ ಹಂಪ್‌ಬ್ಯಾಕ್ ತನ್ನ ಬಾಲವನ್ನು ಮೇಲೆತ್ತುತ್ತದೆ. ಆ ಬಾಲದ ಒಳಬದಿಯ ಕಪ್ಪು-ಬಿಳಿ ಗುರುತುಗಳು ಮನುಷ್ಯರ ಹೆಬ್ಬೆರಳ ಗುರುತಿನಂತೆ ಪ್ರತಿ ಪ್ರಾಣಿಗೂ ಬೇರೆ ಬೇರೆ. ಪ್ರಯಾಣಿಕರು ತೆಗೆದ ಛಾಯಾಚಿತ್ರಗಳೂ ಸಂಶೋಧಕರಿಗೆ ಉಪಯುಕ್ತವಾಗುತ್ತವೆ. ಹಾಯಿ ಏರಿಸುವ ಹಗ್ಗ ಎಳೆಯಲು ಪ್ರಯಾಣಿಕರೂ ಕೈಜೋಡಿಸಬಹುದು. ಮರಳುವ ದಾರಿಯಲ್ಲಿ ಬಿಸಿ ಚಾಕೊಲೇಟ್ ಪಾನೀಯ ಮತ್ತು ದಾಲ್ಚಿನ್ನಿಯ ಬನ್ ಕೊಡುವುದು ಅಲ್ಲಿನ ವಾಡಿಕೆ.

ಹಾಯಿ ಏಕೆಂಬ ಪ್ರಶ್ನೆಗೆ ಉತ್ತರ ಸರಳ. ತಿಮಿಂಗಿಲಗಳು ಪರಸ್ಪರ ಸಂಪರ್ಕಿಸುವುದು ಹೆಚ್ಚಾಗಿ ಧ್ವನಿಯಿಂದ. ಡಾಲ್ಫಿನ್‌ಗಳು ಆಹಾರ ಹುಡುಕುವುದೂ ಧ್ವನಿಯ ಪ್ರತಿಫಲನದಿಂದ. ಎಂಜಿನ್ನಿನ ಸದ್ದು ನೀರಿನೊಳಗೆ ಬಹುದೂರ ಸಾಗಿ ಇದಕ್ಕೆ ಅಡ್ಡಿಯಾಗುತ್ತದೆ. 2015ರಲ್ಲಿ ನಾರ್ತ್ ಸೇಲಿಂಗ್ ಸಂಸ್ಥೆಯು 1951ರಲ್ಲಿ ನಿರ್ಮಿತವಾದ ಓಪಲ್ ಎಂಬ ಹಡಗಿಗೆ ವಿದ್ಯುತ್ ಮೋಟಾರು ಅಳವಡಿಸಿತು. ಗಾಳಿಯ ಬಲದಿಂದ ಹಡಗು ಸಾಗುವಾಗ ನೀರಿನ ಸೆಳೆತಕ್ಕೆ ಅದರ ಚಾಲಕಚಕ್ರವೇ ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಉಳಿದದ್ದನ್ನು ದಡದಲ್ಲಿ ತುಂಬಿಕೊಳ್ಳಲಾಗುತ್ತದೆ. ಆದರೆ ಗಾಳಿ ಸದಾ ಬೀಸುವುದಿಲ್ಲವಾದ್ದರಿಂದ ಎಲ್ಲ ಹಾಯಿಹಡಗುಗಳಲ್ಲಿಯೂ ಒಂದು ಯಂತ್ರವಿರಲೇಬೇಕು. ಸದ್ದಿಲ್ಲದ ಹಡಗಿನ ಇರವು ಪ್ರಾಣಿಗೆ ತಿಳಿಯದೆ ಡಿಕ್ಕಿಯಾಗುವ ಸಂಭವವಿರುವುದರಿಂದ ಕಾವಲುಗಾರನ ಕಣ್ಣು ಇನ್ನಷ್ಟು ಚುರುಕಾಗಿರಬೇಕಾಗುತ್ತದೆ.

ಹನ್ನೆರಡು ಎಂಬ ಸಂಖ್ಯೆಯ ಮಹತ್ವ

ಸಣ್ಣ ತಂಡದ ಹಾಯಿಯಾನಗಳ ಜಾಹೀರಾತುಗಳಲ್ಲಿ ಜಗತ್ತಿನಾದ್ಯಂತ ‘ಗರಿಷ್ಠ 12 ಮಂದಿ’ ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಈ ಸಂಖ್ಯೆ ಆಕಸ್ಮಿಕವಲ್ಲ. ಸಮುದ್ರಯಾನದಲ್ಲಿ ಜೀವರಕ್ಷಣೆಗೆ ಸಂಬಂಧಿಸಿದ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ನೌಕೆಯೇ ‘ಪ್ರಯಾಣಿಕ ಹಡಗು’. ಈ ಒಡಂಬಡಿಕೆಯ ಮೊದಲ ರೂಪ ಟೈಟಾನಿಕ್ ದುರಂತದ ನಂತರ, 1914ರಲ್ಲಿ ಸಿದ್ಧವಾಯಿತು. ಈಗ ಜಾರಿಯಲ್ಲಿರುವುದು 1974ರ ರೂಪ ಮತ್ತು ಅದರ ತಿದ್ದುಪಡಿಗಳು. ಒಡಂಬಡಿಕೆ ಅನ್ವಯವಾಗುವುದು ಅಂತರರಾಷ್ಟ್ರೀಯ ಯಾನಗಳಿಗೆ; ಆದರೂ ಹಲವು ದೇಶಗಳ ಆಂತರಿಕ ನಿಯಮಗಳು ಇದೇ ಸಂಖ್ಯೆಯನ್ನು ಅನುಸರಿಸುತ್ತವೆ. ಹದಿಮೂರನೆಯ ಪ್ರಯಾಣಿಕ ಹತ್ತಿದೊಡನೆ ಅಗ್ನಿಸುರಕ್ಷೆ, ಜೀವರಕ್ಷಕ ದೋಣಿ, ತಪಾಸಣೆ, ಸಿಬ್ಬಂದಿಯ ಅರ್ಹತೆ ಇವೆಲ್ಲವೂ ಬೇರೊಂದು ಶ್ರೇಣಿಗೆ ಸೇರುತ್ತವೆ.

ನಮ್ಮ ಸದಸ್ಯರಿಗೆ ಇಂತಹ ಗೆರೆಗಳು ಹೊಸತಲ್ಲ. ಜಿಎಸ್‌ಟಿ ನೋಂದಣಿಯ ವಹಿವಾಟು ಮಿತಿ, ಭವಿಷ್ಯನಿಧಿಗೆ 20 ನೌಕರರ ಮಿತಿ ಇವೂ ಇದೇ ಬಗೆಯವು. ಗೆರೆಯ ಈಚೆ ಇದ್ದಾಗ ಒಂದು ವೆಚ್ಚ, ಆಚೆ ಕಾಲಿಟ್ಟರೆ ಇನ್ನೊಂದು ವೆಚ್ಚ. ಇದನ್ನು ವೆಚ್ಚಶಾಸ್ತ್ರದಲ್ಲಿ ಮೆಟ್ಟಿಲು ವೆಚ್ಚ ಎನ್ನುತ್ತೇವೆ. ಗೆರೆ ದಾಟುವುದಾದರೆ ಒಂದು ಹೆಜ್ಜೆ ದಾಟಿ ನಿಲ್ಲಬಾರದು. ಹೊಸ ವೆಚ್ಚವನ್ನು ಹೊರುವಷ್ಟು ದೂರ ಹೋಗಬೇಕು, ಇಲ್ಲವೇ ಈಚೆಯೇ ಇರಬೇಕು. ಹದಿನಾಲ್ಕು ಆಸನಗಳ ಹಡಗು ಹನ್ನೆರಡರ ಲಾಭವನ್ನೂ ಪಡೆಯದು, ಅರವತ್ತರ ಲಾಭವನ್ನೂ ಪಡೆಯದು. ಹುಸಾವಿಕ್‌ನ ಹಗಲು ಯಾನಗಳಲ್ಲಿ ಸ್ಕೂನರ್‌ಗಳು ಹತ್ತಾರು ಜನರನ್ನು ಒಯ್ಯುತ್ತವೆ. ಅದೇ ಓಪಲ್ ಹಡಗು ಗ್ರೀನ್‌ಲೆಂಡ್‌ನ ಸ್ಕೋರ್ಸ್‌ಬಿ ಸುಂಡ್ ಪ್ರದೇಶದಲ್ಲಿ ಹಲವು ದಿನಗಳ ಯಾನ ನಡೆಸುವಾಗ ಪ್ರಯಾಣಿಕರ ಸಂಖ್ಯೆ 12ಕ್ಕೆ ಇಳಿಯುತ್ತದೆ. ಒಂದೇ ಆಸ್ತಿಯನ್ನು ಎರಡು ಶ್ರೇಣಿಗಳಲ್ಲಿ, ಎರಡು ದರಗಳಲ್ಲಿ ದುಡಿಸುವ ಕ್ರಮ ಇದು.

ವೆಚ್ಚದ ಲೆಕ್ಕ: ಒಂದು ಕಾಲ್ಪನಿಕ ಉದಾಹರಣೆ

ಈ ಕೆಳಗಿನ ಅಂಕಿಗಳು ಯಾವ ಸಂಸ್ಥೆಯವೂ ಅಲ್ಲ. ವಿಷಯವನ್ನು ವಿವರಿಸಲು ಊಹಿಸಿಕೊಂಡವು. 12 ಆಸನಗಳ ಒಂದು ಹಾಯಿಹಡಗು ಇದೆ. ದಿನಕ್ಕೆ ಒಂದು ಯಾನ, ಋತುವಿನ ಅವಧಿ 120 ದಿನಗಳು. ನಾವಿಕನ ಹಾಗೂ ಸಿಬ್ಬಂದಿಯ ಸಂಬಳ, ವಿಮೆ, ವಾರ್ಷಿಕ ದುರಸ್ತಿ, ಸವಕಳಿ, ಬಡ್ಡಿ ಸೇರಿ ಸ್ಥಿರ ವೆಚ್ಚ 96 ಲಕ್ಷ ರೂಪಾಯಿ. ಪ್ರತಿ ಯಾನಕ್ಕೆ ಬಂದರು ಶುಲ್ಕ ಹಾಗೂ ಇಂಧನ 6,000 ರೂಪಾಯಿ. ಪ್ರತಿ ಪ್ರಯಾಣಿಕನಿಗೆ ಊಟೋಪಚಾರ, ಉಡುಪಿನ ಒಗೆತ, ದಲ್ಲಾಳಿ ಸೇರಿ 1,500 ರೂಪಾಯಿ. ಟಿಕೆಟ್ ದರ 12,500 ರೂಪಾಯಿ. ಹೀಗಾಗಿ ಪ್ರತಿ ಪ್ರಯಾಣಿಕನಿಂದ ದೊರೆಯುವ ಕೊಡುಗೆ, ಅಂದರೆ ಸ್ಥಿರ ವೆಚ್ಚವನ್ನು ತುಂಬಲು ಉಳಿಯುವ ಹಣ, 11,000 ರೂಪಾಯಿ.

ಮಾಲೀಕನು 96 ಲಕ್ಷವನ್ನು 120 ದಿನಗಳಿಂದ ಭಾಗಿಸುತ್ತಾನೆ: ದಿನಕ್ಕೆ 80,000. ಅದಕ್ಕೆ ಯಾನದ 6,000 ಸೇರಿಸಿದರೆ 86,000. ಇದನ್ನು 11,000ದಿಂದ ಭಾಗಿಸಿದರೆ ಎಂಟು ಮಂದಿ ಬಂದರೆ ಸಾಕು, ನಷ್ಟವಿಲ್ಲ ಎಂದು ತೋರುತ್ತದೆ. ಆದರೆ ಸಮುದ್ರವು ಕ್ಯಾಲೆಂಡರ್ ನೋಡುವುದಿಲ್ಲ. ಬಿರುಗಾಳಿ, ಮಂಜು, ಅಲೆಗಳಿಂದ ಐದರಲ್ಲಿ ಒಂದು ದಿನ ಹಡಗು ಹೊರಡಲಾಗಲಿಲ್ಲ ಎಂದಿಟ್ಟುಕೊಳ್ಳೋಣ. ಉಳಿಯುವುದು 96 ದಿನಗಳು. ಸ್ಥಿರ ವೆಚ್ಚ ದಿನಕ್ಕೆ 1,00,000; ಯಾನದ ವೆಚ್ಚ ಸೇರಿ 1,06,000. ಈಗ ಸಮತೋಲನಕ್ಕೆ ಹತ್ತು ಮಂದಿ ಬೇಕು.

ಎಂಟು ಮಂದಿ ಸಾಕೆಂದು ನಂಬಿ ನಡೆಸಿದವನು ದಿನಕ್ಕೆ 88,000 ಕೊಡುಗೆ ಪಡೆದು 1,06,000 ಖರ್ಚು ಮಾಡುತ್ತಾನೆ. ದಿನಕ್ಕೆ 18,000ದಂತೆ ಋತುವಿನ ಕೊನೆಗೆ 17,28,000 ರೂಪಾಯಿ ನಷ್ಟ. ಹಡಗು ತುಂಬಿ ಹೊರಟವನಿಗೆ ದಿನಕ್ಕೆ 26,000ದಂತೆ 24,96,000 ರೂಪಾಯಿ ಲಾಭ. ಎಂಟಕ್ಕೂ ಹನ್ನೆರಡಕ್ಕೂ ನಡುವಿನ ನಾಲ್ಕು ಆಸನಗಳಲ್ಲಿ ಈ ಸಂಸ್ಥೆಯ ಅಳಿವು ಉಳಿವು ಅಡಗಿದೆ.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಸ್ಥಿರ ವೆಚ್ಚವನ್ನು ಹಂಚಬೇಕಾದದ್ದು ಕ್ಯಾಲೆಂಡರ್ ದಿನಗಳ ಮೇಲಲ್ಲ, ನಿಜವಾಗಿ ದುಡಿದ ದಿನಗಳ ಮೇಲೆ. ವಿದ್ಯುತ್ ಕಡಿತ, ಯಂತ್ರದ ದುರಸ್ತಿ, ಕಚ್ಚಾಮಾಲಿನ ಅಭಾವದಿಂದ ನಿಲ್ಲುವ ನಮ್ಮ ಕಾರ್ಖಾನೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಎರಡನೆಯದು, ಖಾಲಿ ಹೋದ ಆಸನವು ದಾಸ್ತಾನಿನಲ್ಲಿ ಉಳಿಯುವುದಿಲ್ಲ. ಬಟ್ಟೆ ವ್ಯಾಪಾರಿಯು ಮಾರಾಟವಾಗದ ಸೀರೆಯನ್ನು ನಾಳೆ ಮಾರಬಹುದು. ಹಡಗು ಹೊರಟ ಮೇಲೆ ಆ ಆಸನ ಕೊಳೆತ ತರಕಾರಿಯಂತೆ. ಹೊರಡುವ ಕ್ಷಣದಲ್ಲಿ 5,000 ರೂಪಾಯಿ ಕೊಡುವವನನ್ನು ಹತ್ತಿಸಿಕೊಂಡರೂ 3,500 ಉಳಿಯುತ್ತದೆಂಬುದು ನಿಜ. ಆದರೆ ಕಾದು ಕುಳಿತರೆ ಅಗ್ಗವಾಗುತ್ತದೆ ಎಂಬ ಸುದ್ದಿ ಹಬ್ಬಿದರೆ ಮುಂದಿನ ಋತುವಿನಲ್ಲಿ ಯಾರೂ ಮುಂಗಡ ಕಾಯ್ದಿರಿಸುವುದಿಲ್ಲ. ಹಾಗಾಗಿ ಅನುಭವಿಗಳು ಕೊನೆಯ ಕ್ಷಣದ ರಿಯಾಯಿತಿಗಿಂತ ಮೊದಲೇ ಕಾಯ್ದಿರಿಸುವವರಿಗೆ ರಿಯಾಯಿತಿ ಕೊಡುವುದೇ ಲೇಸೆಂದು ಭಾವಿಸುತ್ತಾರೆ.

ಮುಂಗಡ ಹಣ ಮತ್ತು ಭರವಸೆ

ಇಂತಹ ಯಾನಗಳಿಗೆ ತಿಂಗಳುಗಳ ಮೊದಲೇ ಹಣ ಬರುತ್ತದೆ. ಬ್ಯಾಂಕಿನ ಖಾತೆ ತುಂಬಿರುವುದನ್ನು ಕಂಡು ಅದು ಆದಾಯವೆಂದು ಭ್ರಮಿಸುವುದು ಸುಲಭ. ಲೆಕ್ಕಶಾಸ್ತ್ರದ ಪ್ರಕಾರ ಸೇವೆ ಸಲ್ಲುವವರೆಗೆ ಮುಂಗಡವು ಹೊಣೆ; ಅಢಾವೆ ಪತ್ರಿಕೆಯಲ್ಲಿ ಅದರ ಸ್ಥಾನ ಸಾಲಗಾರರ ಪಕ್ಕದಲ್ಲಿ. ಹವಾಮಾನದಿಂದ ಯಾನ ರದ್ದಾದರೆ ಆ ಹಣವನ್ನು ಹಿಂದಿರುಗಿಸಬೇಕು ಅಥವಾ ಬೇರೊಂದು ದಿನ ಕರೆದೊಯ್ಯಬೇಕು. ಮುಂಗಡವನ್ನು ಹೊಸ ದೋಣಿಯ ಖರೀದಿಗೆ ಬಳಸಿಕೊಂಡವನು ಒಂದು ವಾರದ ಬಿರುಗಾಳಿಗೆ ದಿವಾಳಿಯಾಗಬಲ್ಲ. ವಿವಾಹ ಮಂಟಪ, ಟ್ರಾನ್ಸ್‌ಪೋರ್ಟ್, ಆದೇಶದ ಮೇರೆಗೆ ತಯಾರಿಕೆ ನಡೆಸುವ ನಮ್ಮ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಭರವಸೆಯ ವಿಷಯವೂ ಸೂಕ್ಷ್ಮವಾದುದು. ತಿಮಿಂಗಿಲವು ಮಾಲೀಕನ ನೌಕರನಲ್ಲ. ಅದು ಬರುವುದು ತನ್ನ ಹಸಿವಿಗಾಗಿ. ಆದುದರಿಂದ ಪ್ರಾಣಿ ಕಾಣಿಸದಿದ್ದರೆ ಹಣ ವಾಪಸ್ ಎಂಬುದಕ್ಕಿಂತ, ಇನ್ನೊಂದು ಯಾನಕ್ಕೆ ಉಚಿತ ಟಿಕೆಟ್ ಎಂಬ ಭರವಸೆ ಈ ಉದ್ಯಮದಲ್ಲಿ ಹೆಚ್ಚು ರೂಢಿಯಲ್ಲಿದೆ. ನಗದು ಹೊರಹೋಗುವುದಿಲ್ಲ, ಖಾಲಿಯಿರುವ ಆಸನವೊಂದು ಮಾತ್ರ ಬಳಕೆಯಾಗುತ್ತದೆ. ಗ್ರಾಹಕನ ವಿಶ್ವಾಸವೂ ಉಳಿಯುತ್ತದೆ. ಮಾರುವುದು ಯಾನವನ್ನೇ ಹೊರತು ತಿಮಿಂಗಿಲವನ್ನಲ್ಲ ಎಂದು ಟಿಕೆಟ್ಟಿನಲ್ಲಿಯೇ ಸ್ಪಷ್ಟಪಡಿಸುವವನು ಪ್ರಾಣಿಯ ಹಿಂದೆ ಬೆನ್ನಟ್ಟಿ ಓಡಬೇಕಾದ ಒತ್ತಡದಿಂದಲೂ ಪಾರಾಗುತ್ತಾನೆ.

ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಈಗ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಹಡಗಿಗೆ ಸವಕಳಿ ಬರೆಯುತ್ತೇವೆ, ಹಾಯಿಬಟ್ಟೆಗೆ ವಿಮೆ ಮಾಡಿಸುತ್ತೇವೆ. ಆದರೆ ಈ ವ್ಯವಹಾರದ ನಿಜವಾದ ಬಂಡವಾಳವಾದ ತಿಮಿಂಗಿಲವು ಯಾರ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಯಾರೂ ಖರೀದಿಸಿಲ್ಲ, ಆದುದರಿಂದ ಅದರ ನಷ್ಟವನ್ನು ಯಾರೂ ಬರೆಯುವುದಿಲ್ಲ. ಹಂಪ್‌ಬ್ಯಾಕ್ ಹೆಣ್ಣು ಸುಮಾರು ಹನ್ನೊಂದು ತಿಂಗಳು ಗರ್ಭ ಧರಿಸಿ ಒಂದೇ ಮರಿ ಹಾಕುತ್ತದೆ. ಸಾಮಾನ್ಯವಾಗಿ ಎರಡು-ಮೂರು ವರ್ಷಗಳಿಗೊಮ್ಮೆ. ಇಷ್ಟು ನಿಧಾನವಾಗಿ ಮರುಪೂರಣವಾಗುವ ಬಂಡವಾಳವನ್ನು ಅವಸರದಲ್ಲಿ ಕಳೆದುಕೊಂಡರೆ ಬ್ಯಾಂಕ್ ಸಾಲದಿಂದ ಮರಳಿ ತರಲಾಗದು.

ಈ ಪ್ರಾಣಿಗೆ ಇನ್ನೊಂದು ಬಗೆಯ ಮಾರುಕಟ್ಟೆಯೂ ಇತ್ತೆಂಬುದನ್ನು ಮರೆಯಬಾರದು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು 1982ರಲ್ಲಿ ಕೈಗೊಂಡ ನಿರ್ಣಯದಂತೆ ವಾಣಿಜ್ಯ ಬೇಟೆಗೆ 1986ರಿಂದ ತಡೆ ಬಿದ್ದಿತು. ಆದರೂ ಐಸ್‌ಲೆಂಡ್ 2003ರಲ್ಲಿ ಸಂಶೋಧನೆಯ ಹೆಸರಿನಲ್ಲಿ, 2006ರಲ್ಲಿ ವಾಣಿಜ್ಯ ಉದ್ದೇಶಕ್ಕಾಗಿ ಬೇಟೆಯನ್ನು ಪುನರಾರಂಭಿಸಿತು. ಒಂದೇ ದೇಶದಲ್ಲಿ ಒಬ್ಬನು ತಿಮಿಂಗಿಲವನ್ನು ಕೊಂದು ಮಾರುವವನು, ಇನ್ನೊಬ್ಬನು ಜೀವಂತವಾಗಿ ತೋರಿಸುವವನು. ಕೊಂದ ತಿಮಿಂಗಿಲದ ಮಾರಾಟ ಒಂದೇ ಸಲ. ಜೀವಂತ ತಿಮಿಂಗಿಲವು ಪ್ರತಿ ಬೇಸಿಗೆಯೂ ಆದಾಯ ತರುತ್ತದೆ. ವೀಕ್ಷಣಾ ಸಂಸ್ಥೆಗಳು ಬೇಟೆಯನ್ನು ವಿರೋಧಿಸಿದುದರಲ್ಲಿ ಕರುಣೆಯಷ್ಟೇ ಲೆಕ್ಕಾಚಾರವೂ ಇದೆ.

ಆದರೆ ತೋರಿಸುವವರೆಲ್ಲ ನಿರ್ದೋಷಿಗಳೆಂದು ಹೇಳಲಾಗದು. ಒಂದು ತಿಮಿಂಗಿಲದ ಸುತ್ತ ಆರು ದೋಣಿಗಳು ಸೇರಿದವೆಂದು ಊಹಿಸಿ. ಇಪ್ಪತ್ತು ಮೀಟರ್ ಮುಂದೆ ನುಗ್ಗಿದವನ ಪ್ರಯಾಣಿಕರಿಗೆ ಒಳ್ಳೆಯ ಛಾಯಾಚಿತ್ರ ದೊರೆಯುತ್ತದೆ, ಲಾಭವೆಲ್ಲ ಅವನೊಬ್ಬನದು. ಪ್ರಾಣಿ ಬೆದರಿ ಮುಳುಗಿದರೆ ನಷ್ಟ ಆರೂ ಮಂದಿಗೆ ಹಂಚಿಹೋಗುತ್ತದೆ. ದೂರ ಕಾಯ್ದುಕೊಂಡ ಸಜ್ಜನನ ಪ್ರಯಾಣಿಕರು ಮಾತ್ರ ‘ಆ ದೋಣಿ ಹತ್ತಿರ ಹೋಯಿತಲ್ಲ’ ಎಂದು ಗೊಣಗುತ್ತಾರೆ. ಒಬ್ಬನ ಸಂಯಮಕ್ಕೆ ದಂಡ, ಇನ್ನೊಬ್ಬನ ಅವಸರಕ್ಕೆ ಬಹುಮಾನ. ಇಂತಹ ಸ್ಥಿತಿಯಲ್ಲಿ ವೈಯಕ್ತಿಕ ಸದ್ಗುಣ ಸಾಲದು. ಎಲ್ಲರಿಗೂ ಅನ್ವಯಿಸುವ ಕಟ್ಟಳೆ ಬೇಕು.

ಇದಕ್ಕೆ ಎರಡು ಮಾರ್ಗಗಳಿವೆ. ಒಂದು ಸರ್ಕಾರದ ಪರವಾನಗಿ. ನ್ಯೂಜಿಲೆಂಡ್‌ನಲ್ಲಿ 1992ರ ನಿಯಮಗಳಂತೆ ವೀಕ್ಷಣಾ ಸಂಸ್ಥೆಗೆ ಪರವಾನಗಿ ಕಡ್ಡಾಯ. ತಿಮಿಂಗಿಲಕ್ಕೆ 50 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ. 300 ಮೀಟರ್ ವ್ಯಾಪ್ತಿಯಲ್ಲಿ ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ನೌಕೆಗಳಿರುವಂತಿಲ್ಲ. ಇನ್ನೊಂದು ಮಾರ್ಗ ವ್ಯಾಪಾರಿಗಳ ಸಂಘವೇ ರೂಪಿಸಿಕೊಳ್ಳುವ ನಡವಳಿಕೆ ಸಂಹಿತೆ. ಐಸ್‌ಲೆಂಡ್‌ನ ವೀಕ್ಷಣಾ ಸಂಸ್ಥೆಗಳು ಐಸ್‌ವೇಲ್ ಎಂಬ ತಮ್ಮ ಸಂಘದ ಮೂಲಕ ಇಂತಹ ಸಂಹಿತೆಯನ್ನು ಒಪ್ಪಿಕೊಂಡಿವೆ: ಸಮೀಪಿಸುವಾಗ ವೇಗ ತಗ್ಗಿಸುವುದು, ಹತ್ತಿರಕ್ಕೆ ನುಗ್ಗದಿರುವುದು, ಒಂದೇ ಪ್ರಾಣಿಯ ಬಳಿ ಬಹಳ ಹೊತ್ತು ನಿಲ್ಲದಿರುವುದು ಇತ್ಯಾದಿ. ಪರವಾನಗಿಗೆ ಬಲವಿದೆ, ಆದರೆ ಅಧಿಕಾರಿಗಳು ಬೇಕು. ಸಂಹಿತೆಗೆ ವೆಚ್ಚವಿಲ್ಲ, ಆದರೆ ಅದು ಉಳಿಯುವುದು ಸದಸ್ಯರ ಮಾನಮರ್ಯಾದೆಯ ಮೇಲೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ನನ್ನ ವೃತ್ತಿಧರ್ಮ. ನಮ್ಮ ದೇಶದಲ್ಲಿ ಪೈಪೋಟಿದಾರರು ಸೇರಿ ದರ ನಿಗದಿಪಡಿಸಿದರೆ ಅಥವಾ ಪೂರೈಕೆಯನ್ನು ಕಡಿತಗೊಳಿಸಲು ಒಪ್ಪಂದ ಮಾಡಿಕೊಂಡರೆ 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮಿನ ತೊಡಕಿಗೆ ಸಿಲುಕಬಹುದು. ಆದುದರಿಂದ ಸಂಘದ ಸಂಹಿತೆಯು ದೂರ, ವೇಗ, ಸುರಕ್ಷತೆ, ತರಬೇತಿ, ದೂರು ಪರಿಹಾರ ಇವುಗಳಿಗೆ ಸೀಮಿತವಾಗಿರಲಿ. ದೋಣಿಗಳ ಒಟ್ಟು ಸಂಖ್ಯೆಗೆ ಮಿತಿ ಬೇಕಿದ್ದರೆ ಅದನ್ನು ಸರ್ಕಾರದಿಂದ ಕೋರಬೇಕು. ಟಿಕೆಟ್ ದರವನ್ನು ಪ್ರತಿಯೊಬ್ಬನ ವಿವೇಚನೆಗೆ ಬಿಡಬೇಕು.

ನಮ್ಮ ಕರಾವಳಿಗೆ ಅನ್ವಯ

ಈ ಚರ್ಚೆ ನಮಗೆ ದೂರದ್ದಲ್ಲ. ಕಾರವಾರದ ಕಾಳಿ ನದಿಯ ಅಳಿವೆಯಿಂದ ಗೋಕರ್ಣದವರೆಗಿನ ತೀರದಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಕಾಣಸಿಗುತ್ತವೆ. ಅವುಗಳನ್ನು ತೋರಿಸುವ ದೋಣಿಗಳೂ ಓಡಾಡುತ್ತವೆ. ಈ ಪ್ರಾಣಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿವೆ. ಮಳೆಗಾಲದ ತಿಂಗಳುಗಳನ್ನು ಕಳೆದರೆ ದುಡಿಮೆಗೆ ಉಳಿಯುವ ದಿನಗಳು ಅಲ್ಲಿಯೂ ಸೀಮಿತ. ಮೇಲಿನ ಲೆಕ್ಕವನ್ನು ಅಂಕಿ ಬದಲಿಸಿ ಅಲ್ಲಿಯ ದೋಣಿ ಮಾಲೀಕರೂ ಹಾಕಿಕೊಳ್ಳಬಹುದು. ದಡಕ್ಕೆ ಸಮೀಪದಲ್ಲೇ ಇರುವ ಡಾಲ್ಫಿನ್ ಗುಂಪನ್ನು ಎಂಜಿನ್ ಸದ್ದಿನಿಂದ ಸುತ್ತುವರಿಯುವ ಬದಲು, ತುಸು ದೂರದಲ್ಲಿ ಎಂಜಿನ್ ನಿಧಾನಗೊಳಿಸಿ ಕಾದರೆ ಅವೇ ದೋಣಿಯ ಬಳಿಗೆ ಬರುವ ಸಂಭವವುಂಟು. ಕರಾವಳಿಯ ವಾಣಿಜ್ಯ ಸಂಘಗಳು ದೋಣಿ ಮಾಲೀಕರು, ಮೀನುಗಾರರು ಮತ್ತು ಹೋಟೆಲಿನವರನ್ನು ಒಂದೆಡೆ ಕೂರಿಸಿ ಒಂದು ಪುಟದ ಸಂಹಿತೆಯನ್ನಾದರೂ ಸಿದ್ಧಪಡಿಸಿದರೆ ಅದು ಮುಂದಿನ ಪೀಳಿಗೆಗೆ ಬಿಟ್ಟುಹೋಗುವ ಮೀಸಲು ನಿಧಿಯಾದೀತು.

ಯಾನ ಕೈಗೊಳ್ಳುವ ಸದಸ್ಯರಿಗೆ ಕೆಲವು ಸೂಚನೆಗಳು

1. ಟಿಕೆಟ್ ಕೊಳ್ಳುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಗರಿಷ್ಠ ಪ್ರಯಾಣಿಕರು ಎಷ್ಟು? ಜೊತೆಯಲ್ಲಿ ತರಬೇತಿ ಪಡೆದ ಮಾರ್ಗದರ್ಶಕನಿರುವನೇ? ಪ್ರಾಣಿಯಿಂದ ಎಷ್ಟು ದೂರ ನಿಲ್ಲುವಿರಿ? ಯಾನ ರದ್ದಾದರೆ ಹಣದ ಗತಿಯೇನು? ಮೂರನೆಯ ಪ್ರಶ್ನೆಗೆ ‘ನೀವು ಹೇಳಿದಷ್ಟು ಹತ್ತಿರ’ ಎಂದು ಉತ್ತರಿಸುವವನಿಂದ ದೂರವಿರಿ.

2. ಒಂದೇ ದಿನವನ್ನು ನೆಚ್ಚಿಕೊಳ್ಳದೆ ಊರಿನಲ್ಲಿ ಎರಡು-ಮೂರು ದಿನ ತಂಗುವಂತೆ ಯೋಜಿಸಿರಿ. ಮೊದಲ ದಿನದ ಯಾನ ರದ್ದಾದರೂ ಅವಕಾಶ ಉಳಿಯುತ್ತದೆ.

3. ಐಸ್‌ಲೆಂಡ್‌ಗೆ ಷೆಂಗೆನ್ ವೀಸಾ ಬೇಕು. ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಅಗತ್ಯ. ಸಮುದ್ರಯಾನದ ಅಪಾಯವೂ ವಿಮೆಯಲ್ಲಿ ಸೇರಿದೆಯೇ ಎಂದು ಪಾಲಿಸಿಯನ್ನು ಓದಿ ಖಚಿತಪಡಿಸಿಕೊಳ್ಳಿರಿ.

4. ಸಮುದ್ರ ವಾಕರಿಕೆಯ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಹೊರಡುವ ಮುನ್ನವೇ ತೆಗೆದುಕೊಳ್ಳಬೇಕು. ವಾಕರಿಕೆ ಆರಂಭವಾದ ಮೇಲೆ ಪ್ರಯೋಜನ ಕಡಿಮೆ.

5. ವಿದೇಶ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ ಏಜೆಂಟರು ಮೂಲದಲ್ಲಿ ಸಂಗ್ರಹಿಸುವ ಆದಾಯ ತೆರಿಗೆಯು ವೆಚ್ಚವಲ್ಲ. ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ಜಮೆಯಾಗುತ್ತದೆ. ಇದರ ದರ ಹಲವು ಬಾರಿ ಬದಲಾಗಿರುವುದರಿಂದ ಆ ವರ್ಷದ ದರವನ್ನು ವಿಚಾರಿಸಿ, ರಸೀದಿಯನ್ನು ಕಾಪಾಡಿಕೊಳ್ಳಿರಿ.

6. ಕುಟುಂಬ ಸಮೇತ ತಿಮಿಂಗಿಲ ನೋಡಿ ಬಂದ ಖರ್ಚನ್ನು ಅಂಗಡಿಯ ಪ್ರವಾಸ ವೆಚ್ಚದ ಖಾತೆಗೆ ಬರೆಯಬೇಡಿರಿ. ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಮಾಡಿದ ಖರ್ಚಿಗೆ ಮಾತ್ರ ವಿನಾಯಿತಿ. ತಿಮಿಂಗಿಲವು ನಿಮ್ಮ ಗ್ರಾಹಕನೆಂದು ತೆರಿಗೆ ಅಧಿಕಾರಿಯನ್ನು ಒಪ್ಪಿಸುವುದು ಕಷ್ಟ.

ಉಪಸಂಹಾರ

ಹುಸಾವಿಕ್‌ನ ಉದಾಹರಣೆಯಿಂದ ಸಣ್ಣ ಉದ್ದಿಮೆದಾರರು ಗ್ರಹಿಸಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಮೌಲ್ಯ ಕಳೆದುಕೊಂಡ ಆಸ್ತಿಗೆ ಹೊಸ ಬಳಕೆ ಇದೆಯೇ ಎಂದು ಪರಿಶೀಲಿಸಬೇಕು. ವೆಚ್ಚವನ್ನು ನಿಜವಾದ ದುಡಿಮೆಯ ದಿನಗಳ ಮೇಲೆ ಹಂಚಬೇಕು. ನಿಯಮದ ಗೆರೆ ಎಲ್ಲಿದೆಯೆಂದು ತಿಳಿದು ಗಾತ್ರವನ್ನು ನಿರ್ಧರಿಸಬೇಕು. ಮುಂಗಡವನ್ನು ಹೊಣೆಯೆಂದೇ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ವ್ಯವಹಾರವು ಯಾವ ಸಾರ್ವಜನಿಕ ಸಂಪತ್ತಿನ ಮೇಲೆ ನಿಂತಿದೆಯೋ ಅದನ್ನು ಗುರುತಿಸಬೇಕು. ಬಣ್ಣ ಹಾಕುವ ಕಾರ್ಖಾನೆಗೆ ನದಿಯ ನೀರು, ಹೆಂಚಿನ ಕಾರ್ಖಾನೆಗೆ ಜೇಡಿಮಣ್ಣು, ಮೀನು ಸಂಸ್ಕರಣೆಗೆ ಕಡಲು, ಪೇಟೆಯ ವರ್ತಕನಿಗೆ ಆ ಪೇಟೆಯ ಒಳ್ಳೆಯ ಹೆಸರು: ಇವಾವುವೂ ನಮ್ಮ ಅಢಾವೆ ಪತ್ರಿಕೆಯಲ್ಲಿ ಇಲ್ಲ, ಆದರೆ ಇವು ಇಲ್ಲದ ದಿನ ಆ ಪತ್ರಿಕೆಯಲ್ಲಿ ಬರೆಯಲು ಏನೂ ಉಳಿಯುವುದಿಲ್ಲ. ಸದಸ್ಯರು ಮುಂದಿನ ಬಾರಿ ವಾರ್ಷಿಕ ಲೆಕ್ಕಪತ್ರಕ್ಕೆ ಸಹಿ ಹಾಕುವಾಗ, ಅದರಲ್ಲಿ ನಮೂದಾಗದ ಇಂತಹ ಒಂದು ಆಸ್ತಿಯ ಹೆಸರನ್ನು ಬೇರೊಂದು ಹಾಳೆಯಲ್ಲಿ ಬರೆದು, ಈ ವರ್ಷ ಅದು ಹೆಚ್ಚಿತೇ, ಸವೆಯಿತೇ ಎಂದು ಪಾಲುದಾರರೊಡನೆ ಚರ್ಚಿಸಲಿ ಎಂಬುದು ನನ್ನ ವಿನಂತಿ.